ಸುಟ್ಟದ್ದು ಯಾಕೆ?

ಸುಟ್ಟುಹೋದದ್ದನ್ನು ಕಿತ್ತು ಅದರ ಜಾಗದಲ್ಲಿ ಹೊಸದನ್ನು ಕೂರಿಸಿದರೆ ಅದು ರಿಪೇರಿಯೇ? ಇದು ಮೆಕ್ಯಾನಿಕ್ಕುಗಳ ಪ್ರಶ್ನೆ ಮಾತ್ರವಲ್ಲ. ಈ ದೇಶದಲ್ಲಿ ನ್ಯಾಯದ ಬಗ್ಗೆ ಬಾಯಿ ತೆರೆಯುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಉತ್ತರ ಹುಡುಕಲು ಉಪನಿಷತ್ತಿಗೆ ಹೋಗಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿ ಬೆಸುಗೆಯ ಹೊಗೆ ಕುಡಿಯುತ್ತ ಕೂತ ರಿಪೇರಿಯವರ ಮೇಜಿನ ಮೇಲೆ ಅದು ಬಿದ್ದಿದೆ.

ಕಾರಿನ ಆಂಪ್ಲಿಫೈಯರನ್ನೇ ತಗೊಳ್ಳಿ. ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟ್. ಎದೆ ನಡುಗಿಸುವ ಸದ್ದಿಗೆ ಅದು ಸಾಲದು. ಅದಕ್ಕೇ ಒಳಗೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರುಗಳ ಒಂದು ಸಾಲು ಆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ವೋಲ್ಟೇಜು ಏರಿಸುತ್ತದೆ. ಇನ್ನೊಂದು ಸಾಲು ಆ ಬಲವನ್ನು ಸ್ಪೀಕರಿಗೆ ಹೊತ್ತು ಹಾಕುತ್ತದೆ. ಹಾಡು ಕೇಳುವವನಿಗೆ ಹಾಡಿದವರ ಹೆಸರು ಗೊತ್ತು, ಹೊತ್ತವರ ಗುರುತಿಲ್ಲ. ಸುಟ್ಟ ವಾಸನೆ ಬಂದ ಮೇಲೇ ಅವುಗಳ ನೆನಪು.

ಆಗ ಮಾಲೀಕ ಬಂದು ಹೇಳುತ್ತಾನೆ: "ಎಂತೋ ಡೂಪ್ಲಿಕೇಟ್ ಮಾಲು ಮಾರಾಯ, ಕಿತ್ತಾಕಿ ಬೇರೆ ಹಾಕ್ಕೊಡು." ಅವಸರದ ರಿಪೇರಿಯವನು ಹಾಕಿಕೊಡುತ್ತಾನೆ. ಸ್ವಿಚ್ ಒತ್ತುತ್ತಲೇ ಹೊಸದೂ ಸುಡುತ್ತದೆ. ಬಲ್ಲವನು ಹಾಗೆ ಮಾಡುವುದಿಲ್ಲ. ಮೀಟರು ಹಿಡಿದು ಸುಟ್ಟದ್ದರ ಹಿಂದೆ ಮುಂದೆ ಇರುವ ರೆಸಿಸ್ಟರು, ಡ್ರೈವರ್ ಟ್ರಾನ್ಸಿಸ್ಟರುಗಳನ್ನೆಲ್ಲ ಅಳೆಯುತ್ತಾನೆ. ಶಾಖ ಹೀರಿಕೊಳ್ಳುವ ಅಲ್ಯುಮಿನಿಯಮ್ಮಿಗೆ ಟ್ರಾನ್ಸಿಸ್ಟರು ಸರಿಯಾಗಿ ಅಂಟಿತ್ತೇ, ನಡುವಿನ ಮೈಕಾ ಹಾಳೆ ಹರಿದಿತ್ತೇ ನೋಡುತ್ತಾನೆ. ಕಡೆಗೆ ಕಾರಿನ ಡಿಕ್ಕಿ ತೆಗೆಸುತ್ತಾನೆ. 4 ಓಮಿನ ಒಂದು ಸ್ಪೀಕರಿಗೆಂದು ಮಾಡಿದ ಆಂಪ್ಲಿಗೆ ಅಂಥ ಎರಡನ್ನು ಪ್ಯಾರಲಲ್ ಕೊಟ್ಟಿದ್ದಾರೆ. ತಡೆ 2 ಓಮಿಗಿಳಿದಿದೆ, ಟ್ರಾನ್ಸಿಸ್ಟರು ಹೊರಬೇಕಾದ ಕರೆಂಟು ಇಮ್ಮಡಿಯಾಗಿದೆ. ಪದೇ ಪದೇ ಫ್ಯೂಸು ಹೋಗುತ್ತದೆಂದು ಅದರ ಜಾಗಕ್ಕೆ ತಾಮ್ರದ ತಂತಿ ಸುತ್ತಿದ್ದಾರೆ. ಫ್ಯೂಸು ಸುಡಬೇಕಾದ ಕಡೆ ಟ್ರಾನ್ಸಿಸ್ಟರು ಸುಟ್ಟಿದೆ.

ಪೇಟೆಯಲ್ಲಿ ಡೂಪ್ಲಿಕೇಟ್ ಮಾಲು ಇಲ್ಲವೆಂದಲ್ಲ, ಇದೆ. ಆದರೆ ಅಸಲಿಯನ್ನೇ ತಂದು ಹಾಕಿದರೂ ಆ ಜಾಗದಲ್ಲಿ ಅದು ಸುಡುತ್ತದೆ. ಹಾಗಾದರೆ ತಪ್ಪು ಯಾವುದರದು? ಟ್ರಾನ್ಸಿಸ್ಟರಿನ ಹುಟ್ಟಿನದೋ, ಅದರ ಮೇಲೆ ಹೇರಿದ ಹೊರೆಯದೋ? ಈ ಪ್ರಶ್ನೆಗೆ ಉತ್ತರ ಹುಡುಕಿದವನ ಕೂಲಿಯನ್ನು ಮಾಲೀಕ ಕೊಡಲೊಲ್ಲ. ಟ್ರಾನ್ಸಿಸ್ಟರಿನ ಬೆಲೆಯಷ್ಟೇ ಅವನ ಲೆಕ್ಕ.

ಟ್ರಾನ್ಸಿಸ್ಟರು ಹುಟ್ಟಿದ್ದು 1947ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅದಕ್ಕಾಗಿ 1956ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ಮೂವರಲ್ಲಿ ವಿಲಿಯಂ ಶಾಕ್ಲಿ ಒಬ್ಬ. ಯಾವ ಹೊರೆಗೆ ಟ್ರಾನ್ಸಿಸ್ಟರು ಹೇಗೆ ನಡೆದುಕೊಳ್ಳುತ್ತದೆ ಎಂದು ಬಲ್ಲ ಈ ಮನುಷ್ಯ, ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಹುಟ್ಟನ್ನೇ ಹಿಡಿದುಕೊಂಡ. ಕರಿಯರ ಬುದ್ಧಿ ಹುಟ್ಟಿನಿಂದಲೇ ಕಡಿಮೆ ಎಂದು 1960ರ ದಶಕದಿಂದ ಸಾರುತ್ತಾ ಬಂದ. ನಮ್ಮ ಮನುವಿಗೆ ಅಮೆರಿಕದಲ್ಲೊಬ್ಬ ತಮ್ಮ!

ಅವನ ಮಾತು ಅಮೆರಿಕದಲ್ಲೇ ಉಳಿದಿಲ್ಲ. ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರು ಆಫ್ರಿಕಾದವರು, ಬಹಳ ಮಂದಿ ಗುಲಾಮರಾಗಿ ಈ ನೆಲಕ್ಕೆ ಬಂದವರು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು 56 ವರ್ಷದ ಮೇಲೆ. "ಅವಕ್ಕೆ ಓದು ತಲೆಗೆ ಹತ್ತೂದಿಲ್ಲ" ಎನ್ನುವ ಬಾಯಿಗಳು, ಶಾಲೆ ಎಷ್ಟು ದೂರವಿತ್ತು, ಮಗುವಿನ ತಲೆಯ ಮೇಲೆ ಯಾರ ತೋಟದ ಹೊರೆಯಿತ್ತು ಎಂದು ಅಳೆದವೇ? ಮೀಟರು ಹಿಡಿಯದೆ ತೀರ್ಪು ಕೊಟ್ಟವು.

ನ್ಯಾಯ ಮಾಡುತ್ತೇವೆ ಎನ್ನುವವರದೂ ಎಷ್ಟೋ ಸಲ ಅವಸರದ ರಿಪೇರಿಯೇ. ಮ್ಯಾನ್‌ಹೋಲಿಗಿಳಿದವನು ಉಸಿರುಗಟ್ಟಿ ಸಾಯುತ್ತಾನೆ. ಮಲ ಹೊರುವ ಕೆಲಸ ನಿಲ್ಲಿಸಲು 1993ರಲ್ಲೊಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಿತು. ಕೊಡಲೇಬೇಕು, ಒಂದು ಕಾಸೂ ಕಡಿಮೆಯಾಗಬಾರದು. ಆದರೆ ಕಾನೂನೆಂಬ ಫ್ಯೂಸಿನ ಜಾಗಕ್ಕೆ ಗುತ್ತಿಗೆಯೆಂಬ ತಾಮ್ರದ ತಂತಿ ಸುತ್ತಿ, ಅದೇ ಗುಂಡಿಗೆ ಅದೇ ಕೇರಿಯ ಇನ್ನೊಬ್ಬನನ್ನು ಇಳಿಸಿದರೆ ಏನಾಯಿತು? ಸುಟ್ಟವನ ಜಾಗಕ್ಕೆ ಹೊಸಬ ಬಂದ, ಸರ್ಕಿಟ್ ಹಾಗೇ ಉಳಿಯಿತು. ಬಾಬಾಸಾಹೇಬರು 1936ರಲ್ಲಿ ಜಾತಿಯ ಸುಧಾರಣೆ ಎನ್ನದೆ ಜಾತಿಯ ವಿನಾಶ ಎಂದದ್ದು ಇದಕ್ಕೇ.

ಬಲ್ಲ ರಿಪೇರಿಯವನು ಹೊಸ ಟ್ರಾನ್ಸಿಸ್ಟರು ಹಾಕಿದ ಕೂಡಲೇ ನೇರ ಬ್ಯಾಟರಿಗೆ ಕೊಡುವುದಿಲ್ಲ. ನಡುವೆ ಸೀರೀಸಿನಲ್ಲಿ ಒಂದು ಬಲ್ಬು ಹಾಕುತ್ತಾನೆ. ಒಳಗೆ ಶಾರ್ಟು ಉಳಿದಿದ್ದರೆ ಬಲ್ಬು ಝಗ್ಗನೆ ಉರಿದು ಹೇಳುತ್ತದೆ. ಟ್ರಾನ್ಸಿಸ್ಟರು ಬದುಕಿಕೊಳ್ಳುತ್ತದೆ. ನಮ್ಮ ಪದ್ಯ, ನಮ್ಮ ಪತ್ರಿಕೆ, ನಮ್ಮ ಬೀದಿ ಸಭೆ ಮಾಡಬೇಕಾದ ಕೆಲಸ ಇದು. ಎಲ್ಲ ಸರಿಹೋಯಿತು, ಇನ್ನು ಸ್ವಿಚ್ ಒತ್ತೋಣ ಎಂದು ಅವರು ಹೇಳುವಾಗ ನಾವು ಉರಿದು ಹೇಳಬೇಕು: ಶಾರ್ಟು ಇನ್ನೂ ಒಳಗೇ ಇದೆ, ಮುಚ್ಚಳ ಹಾಕಬೇಡಿ.