ಸಭಾಪಾಲಕನಿಂದ ಲೆಕ್ಕ ಕೇಳುವದು ದ್ರೋಹವೋ?

ಅಭಿಷಿಕ್ತನ ಮೇಲೆ ಕೈಹಾಕಲೊಲ್ಲದೆ ದಾವೀದನು ಸೌಲನ ಪ್ರಾಣವನ್ನು ಉಳಿಸಿದ ಸಂಗತಿಯನ್ನು ಬಲ್ಲವರಲ್ಲಿ ಅನೇಕರು, ಸಭಾಪಾಲಕನ ಕೈಯಲ್ಲಿರುವ ಹಣದ ಲೆಕ್ಕ ಕೇಳುವದೂ ಅಂಥ ಅಪರಾಧವೇ ಎಂದೆಣಿಸುತ್ತಾರೆ. ಇದು ಸರಿಯೋ ಎಂಬದನ್ನು ಕೊರಿಯಾ ದೇಶದ ಒಂದು ಸಭೆಯ ವೃತ್ತಾಂತದಿಂದ ವಿಚಾರಿಸೋಣ.

1958ರಲ್ಲಿ ಸಿಯೋಲ್ ಪಟ್ಟಣದ ಅಂಚಿನ ಬಡ ಕೇರಿಯೊಂದರಲ್ಲಿ ಚೋ ಯೊಂಗ್ಗಿ ಎಂಬ ಯೌವನಸ್ಥನೂ ಚೋಯ್ ಜಾಶಿಲ್ ಎಂಬ ಸ್ತ್ರೀಯೂ ಬೆರಳೆಣಿಕೆಯ ಜನರೊಡನೆ ಆರಾಧನೆಯನ್ನಾರಂಭಿಸಿದರು. ಬೇಗನೆ ಒಂದು ಗುಡಾರವೇ ಅವರ ದೇವಾಲಯವಾಯಿತು. ಯುದ್ಧ ನಿಂತು ಐದೇ ವರುಷ, ಎಲ್ಲೆಲ್ಲಿಯೂ ಬಡತನ. ಪವಿತ್ರಾತ್ಮನ ವರಗಳನ್ನೂ ರೋಗಿಗಳ ಸ್ವಸ್ಥತೆಯನ್ನೂ ಸಾರಿದ ಆ ಸಭೆಯು ಬಹು ಶೀಘ್ರವಾಗಿ ಬೆಳೆಯಿತು. 1964ರಲ್ಲಿ ಚೋ ದಣಿದು ಕುಸಿದುಬಿದ್ದ ತರುವಾಯ ಮನೆಮನೆಯ ಕೂಟಗಳನ್ನು ಸ್ತ್ರೀಯರಿಗೆ ಒಪ್ಪಿಸಿದನು. ಆ ದೇಶದ ಪದ್ಧತಿಗೆ ಇದು ಒಗ್ಗದ ಮಾತು. ಆದರೂ ನೆರೆಮನೆಯಲ್ಲಿ ಅಕ್ಕಿ ತೀರಿದ್ದನ್ನು ಮೊದಲು ತಿಳಿಯುವವರು ಹೆಂಗಸರೇ ಅಲ್ಲವೇ? ನನ್ನ ಎಣಿಕೆಯಲ್ಲಿ ಆ ಸಭೆಯ ನಿಜವಾದ ಬಲವು ಅಲ್ಲಿಯೇ ಇತ್ತು. 1973ರಲ್ಲಿ ಹಾನ್ ನದಿಯ ಯೊಯಿಡೊ ದ್ವೀಪದಲ್ಲಿ ಮಹಾ ದೇವಾಲಯವು ಎದ್ದಿತು. 1990ರ ದಶಕದಲ್ಲಿ ಸುಮಾರು 7 ಲಕ್ಷ ಜನರುಳ್ಳ ಅದು ಲೋಕದಲ್ಲೇ ದೊಡ್ಡ ಸಭೆಯೆಂದು ಹೆಸರಾಯಿತು.

ಚೋ ಕೊಟ್ಟ ಉಪದೇಶದಲ್ಲಿ ಆತ್ಮದ ರಕ್ಷಣೆ, ದೇಹದ ಆರೋಗ್ಯ, ಬಾಳಿನ ಸಮೃದ್ಧಿ ಇವು ಒಂದೇ ಹಗ್ಗದ ಮೂರು ಎಳೆಗಳು. ಐಶ್ವರ್ಯವನ್ನು ಆಶೀರ್ವಾದದ ಗುರುತೆಂದು ಕಲಿತವರಿಗೆ ಪಾಲಕನ ಐಶ್ವರ್ಯದ ಮೇಲೆ ಸಂಶಯವು ಹೇಗೆ ಹುಟ್ಟೀತು?

ಆದರೂ ಹುಟ್ಟಿತು. 2011ರಲ್ಲಿ ಸಭೆಯ ಹಿರಿಯರು ಕೆಲವರು ದೂರು ಕೊಟ್ಟರು. ಮಗನ ವಶದಲ್ಲಿದ್ದ ಷೇರುಗಳನ್ನು ಸಭೆಯ ಹಣದಿಂದ ಅಧಿಕ ಬೆಲೆಗೆ ಕೊಳ್ಳಿಸಿ ಸುಮಾರು 1,300 ಕೋಟಿ ವೊನ್ ನಷ್ಟವನ್ನುಂಟುಮಾಡಿದನೆಂದು 2014ರಲ್ಲಿ ನ್ಯಾಯಾಲಯವು ಚೋನನ್ನು ಅಪರಾಧಿಯೆಂದು ತೀರ್ಮಾನಿಸಿತು. ಸೆರೆವಾಸವನ್ನು ಮಾತ್ರ ಅಮಾನತಿನಲ್ಲಿಟ್ಟಿತು. 2021ರಲ್ಲಿ ಆತನು ತೀರಿಕೊಂಡನು.

ಹಾಗಾದರೆ ಆ ಹಿರಿಯರು ದ್ರೋಹಿಗಳೋ? ದಾವೀದನು ಸೌಲನನ್ನು ಕೊಲ್ಲಲಿಲ್ಲ, ನಿಜ. ಆದರೆ ಗವಿಯಿಂದ ಹೊರಗೆ ಬಂದು ಅವನ ಅನ್ಯಾಯವನ್ನು ಎಲ್ಲರೂ ಕೇಳುವಂತೆ ಕೂಗಿ ಹೇಳಿದನು. ಈ ಭಾಗವನ್ನು ನಾವು ಯಾಕೋ ಮರೆಯುತ್ತೇವೆ. ಪೌಲನಾದರೋ ಯೆರೂಸಲೇಮಿನ ಬಡವರಿಗೋಸ್ಕರ ಕೂಡಿಸಿದ ಹಣದ ಸಂಗಡ, ಸಭೆಗಳು ಆರಿಸಿದ ಸಹೋದರನನ್ನೂ ಕರಕೊಂಡು ಹೋಗಲು ಒಪ್ಪಿದನು, ತನ್ನ ಮೇಲೆ ಯಾರೂ ತಪ್ಪು ಹೊರಿಸದಂತೆ. ಸಹೋದರನನ್ನು ನ್ಯಾಯಾಸನದ ಮುಂದಕ್ಕೆ ಎಳೆದದ್ದಕ್ಕಾಗಿ ಅದೇ ಅಪೊಸ್ತಲನು ಕೊರಿಂಥದವರನ್ನು ಗದರಿಸಲಿಲ್ಲವೇ ಎಂದು ನೀವು ಕೇಳಬಹುದು. ಗದರಿಸಿದನು, ಆದರೆ ಸಹಿಸಿಕೊಳ್ಳಿರೆಂದು ಅವನು ಹೇಳಿದ್ದು ಸ್ವಂತ ನಷ್ಟವನ್ನು. ದಿನದಿನದ ಅಡಿಗೆಯಿಂದ ಹಿಡಿ ಅಕ್ಕಿ ತೆಗೆದಿಟ್ಟು ಕಾಣಿಕೆ ಕೊಟ್ಟ ವಿಧವೆಯ ನಷ್ಟವನ್ನು ಅವಳ ಪರವಾಗಿ ಮನ್ನಿಸಿಬಿಡಲಿಕ್ಕೆ ಯಾವ ಹಿರಿಯನಿಗೆ ಅಧಿಕಾರವುಂಟು?