ತಂಡ ಬಿಟ್ಟವನು ದ್ರೋಹಿಯೇ?

ಬೆಂಗಳೂರು, ಮುಂಬಯಿ ತಂಡಗಳ ಫುಟ್‌ಬಾಲ್ ಪಂದ್ಯವಿದ್ದ ದಿನ ನಮ್ಮ ಮನೆಗಳಲ್ಲಿ ಎರಡು ಪಕ್ಷ. ಹಿರಿಯರು ಬೆಂಗಳೂರಿನ ಕಡೆ, ಇಲ್ಲೇ ಹುಟ್ಟಿದ ಮಕ್ಕಳು ಮುಂಬಯಿಯ ಕಡೆ. ಕೋಚ್, ಆಟಗಾರರ ಬಗ್ಗೆ ವಾದ ಎಷ್ಟಾದರೂ ನಡೆಯಲಿ. ಆದರೆ ತಂಡ ಬದಲಿಸಿದವನನ್ನು 'ದ್ರೋಹಿ' ಎನ್ನುವುದು ನ್ಯಾಯವೇ?

ಮುಂಬಯಿಯವರೇ ಆದ ರಾಹುಲ್ ಭೇಕೆ 2019ರಲ್ಲಿ ಅಂಧೇರಿಯಲ್ಲಿ ನಡೆದ ಐ.ಎಸ್.ಎಲ್. ಫೈನಲಿನ ಏಕೈಕ ಗೋಲು ಹೊಡೆದು ಬೆಂಗಳೂರನ್ನು ಗೆಲ್ಲಿಸಿದರು. 2021ರಲ್ಲಿ ಮುಂಬಯಿ ತಂಡಕ್ಕೆ ಬಂದರು. ಮರುವರ್ಷ ಏಷ್ಯಾದ ಚಾಂಪಿಯನ್ಸ್ ಲೀಗಿನಲ್ಲಿ ಇರಾಕಿನ ಕ್ಲಬ್ಬನ್ನು ಮಣಿಸಿದ ಗೆಲುವಿನ ಗೋಲೂ ಅವರದೇ. 2024ರಲ್ಲಿ ಮತ್ತೆ ಬೆಂಗಳೂರಿಗೆ ಹೋದರು.

ಉಂಡ ಮನೆಗೆ ಮನಸಾರೆ ದುಡಿದವನಿಂದ ಇನ್ನಾವ ನಿಷ್ಠೆ ಬೇಕು? ಅಭಿಮಾನಿಗೆ ನೋವಾಗುವುದು ಸಹಜ. ಹೊಟ್ಟೆಪಾಡಿಗಾಗಿ ನಾವು ಊರು ಬಿಟ್ಟಾಗ ನಮ್ಮ ತಾಯಂದಿರಿಗೂ ನೋವಾಗಿತ್ತು. ಆದರೂ ಅವರು ನಮ್ಮನ್ನು ದ್ರೋಹಿಗಳೆನ್ನಲಿಲ್ಲ. ಬುತ್ತಿ ಕಟ್ಟಿ ಕಳುಹಿಸಿದರು.