ಕೆರೆಯ ಋಣ

ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನೊಳಗೊಂಡ ಪ್ರಕೃತಿಯನ್ನು ಸಂರಕ್ಷಿಸುವುದೂ ಜೀವಿಗಳಲ್ಲಿ ದಯೆಯಿಂದ ವರ್ತಿಸುವುದೂ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನವು 1976ರ ತಿದ್ದುಪಡಿಯಿಂದ ಸಾರಿತು. ಆ ಕರ್ತವ್ಯವನ್ನು ಮಕ್ಕಳಿಗೆ ಶಾಲೆಯಲ್ಲಿಯೇ ಕಡ್ಡಾಯವಾಗಿ ಬೋಧಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಆದೇಶಿಸಿ, 2003ರಲ್ಲಿ ಅದನ್ನು ಮತ್ತೊಮ್ಮೆ ಒತ್ತಿಹೇಳಿತು. ಆದಕಾರಣ ಕಲಿಸಬೇಕೆ ಬೇಡವೆ ಎಂಬ ಚರ್ಚೆಗೆ ಈಗ ಅವಕಾಶವಿಲ್ಲ. ಆದರೆ ಯಾವುದನ್ನು ಆಧಾರವಾಗಿ ಹಿಡಿದು ಕಲಿಸಬೇಕೆಂಬುದನ್ನು ನ್ಯಾಯಾಲಯವು ಇತ್ಯರ್ಥಮಾಡಲಾರದು. ಅದು ಧರ್ಮವಿಚಾರಕ್ಕೆ ಸೇರಿದ್ದು. ನೀರನ್ನು ಮಿತವಾಗಿ ಬಳಸಬೇಕೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಹುಡುಗಿಯು ಮನೆಗೆ ಬಂದು, ನಮ್ಮ ಕೊಳವೆಬಾವಿಯಲ್ಲಿ ಬೇಕಾದಷ್ಟು ನೀರಿದೆಯಲ್ಲ, ನಾನೇಕೆ ಹಾಗೆ ಮಾಡಬೇಕು ಎಂದು ಕೇಳಿದಳಾದರೆ, ಆಗ ನಾವು ಕೊಡುವ ಉತ್ತರದ ಮೇಲೆ ಅವಳ ಮುಂದಿನ ನಡತೆಯು ಬಹುಮಟ್ಟಿಗೆ ನಿಂತಿರುತ್ತದೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೊಡುವ ಉತ್ತರ ಪ್ರಯೋಜನದ್ದು: ನೀರು ತೀರಿದರೆ ನಮಗೇ ಕಷ್ಟ, ಕಾಡು ನಾಶವಾದರೆ ನಮಗೇ ಮಳೆಯಿಲ್ಲ. ಈ ಮಾತು ಸುಳ್ಳಲ್ಲ. ಆದರೆ ಕರ್ತವ್ಯದ ಭಾರವನ್ನು ಹೊರುವಷ್ಟು ಬಲ ಇದಕ್ಕಿಲ್ಲ. ಸ್ವಪ್ರಯೋಜನವನ್ನೇ ಪ್ರಮಾಣವಾಗಿ ಒಪ್ಪಿದ ಬುದ್ಧಿವಂತ ಬಾಲಕನು, ನೆರೆಯವನಿಗಿಂತ ಮೊದಲೇ ನೆರೆಯವನಿಗಿಂತ ಆಳದಿಂದ ನೀರೆತ್ತಿಕೊಳ್ಳುವುದು ತನ್ನ ಪ್ರಯೋಜನಕ್ಕೆ ಅನುಕೂಲವೆಂಬ ತೀರ್ಮಾನಕ್ಕೆ ಬಂದರೆ, ಅವನ ತರ್ಕದಲ್ಲಿ ನಾವು ದೋಷವನ್ನು ತೋರಿಸಲಾರೆವು. ಇನ್ನು ಪ್ರಳಯದ ಚಿತ್ರಗಳಿಂದ ಭಯಹುಟ್ಟಿಸುವವರ ಮಾರ್ಗವು ಇದಕ್ಕಿಂತಲೂ ಹೀನ. ಭಯಪಟ್ಟ ಮಗು ಕೆಲವು ಕಾಲ ನಡುಗುತ್ತದೆ, ಬಳಿಕ ಮರೆಯುತ್ತದೆ.

ಶ್ರದ್ಧೆಯ ಉತ್ತರವೊಂದುಂಟು, ಅದು ಗಂಭೀರವಾದದ್ದು. ಅಥರ್ವವೇದದ ಭೂಮಿಸೂಕ್ತದಲ್ಲಿ ನೆಲವನ್ನು ಅಗೆಯುವವನು, ತಾನು ಅಗೆದ ಎಡೆಯು ಬೇಗನೆ ತುಂಬಿ ಬೆಳೆಯಲಿ, ತನ್ನ ಸಲಿಕೆಯು ಆ ತಾಯಿಯ ಮರ್ಮಕ್ಕೆ ತಾಗದಿರಲಿ ಎಂದು ಬೇಡಿಕೊಳ್ಳುತ್ತಾನೆ. ಅಗೆಯುವುದನ್ನು ಆ ಋಷಿ ನಿಷೇಧಿಸಲಿಲ್ಲ. ಅಗೆಯುವ ಕೈಯಲ್ಲಿ ಅಳುಕಿರಬೇಕೆಂದನು. ಕೊಡಗಿನಲ್ಲಿ ಇಂದಿಗೂ ಸಾವಿರಕ್ಕೂ ಮಿಕ್ಕಿ ಉಳಿದಿರುವ ದೇವರಕಾಡುಗಳೂ ಕರಾವಳಿಯ ನಾಗಬನಗಳೂ ಇಂತಹ ಅಳುಕಿನ ಫಲವೇ ಆಗಿವೆ. ಆದರೆ ವಿಚಾರವಿಲ್ಲದ ಭಕ್ತಿಯು ಪೂಜಿಸಿದ ನೀರಿನಲ್ಲಿಯೇ ಬಣ್ಣ ಬಳಿದ ವಿಗ್ರಹಗಳನ್ನು ಮುಳುಗಿಸುವುದನ್ನೂ, ಸ್ನಾನಘಟ್ಟದಲ್ಲಿ ಉಟ್ಟ ಬಟ್ಟೆಯನ್ನು ನದಿಗೆ ಬಿಟ್ಟುಹೋಗುವುದನ್ನೂ ನಾವು ಕಾಣುತ್ತಲೇ ಇದ್ದೇವೆ. ಅದಲ್ಲದೆ ಹಲವು ಮತಗಳ ಮಕ್ಕಳು ಒಂದೇ ಮಣೆಯ ಮೇಲೆ ಕುಳಿತು ಕಲಿಯುವ ಶಾಲೆಯಲ್ಲಿ, ಒಂದು ಮತದ ದೇವತೆಯ ಮೇಲೆ ಎಲ್ಲರ ಕರ್ತವ್ಯವನ್ನೂ ನಿಲ್ಲಿಸುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಹೀಗಿರುವಲ್ಲಿ ನಮ್ಮ ಪರಂಪರೆಯಲ್ಲಿಯೇ ದೊರೆಯುವ, ಆದರೆ ಯಾವ ಮತಕ್ಕೂ ಕಟ್ಟುಬೀಳದ ಇನ್ನೊಂದು ಭಾವನೆಯ ಕಡೆಗೆ ಉಪಾಧ್ಯಾಯರ ಗಮನವನ್ನು ಸೆಳೆಯಲು ನಾನು ಇಚ್ಛಿಸುತ್ತೇನೆ. ಅದು ಋಣಭಾವನೆ. ಹುಟ್ಟುವಾಗಲೇ ಬ್ರಾಹ್ಮಣನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆಂಬ ಅರ್ಥದ ಮಾತು ತೈತ್ತಿರೀಯ ಸಂಹಿತೆಯಲ್ಲಿ ಬರುತ್ತದೆ. ಶತಪಥ ಬ್ರಾಹ್ಮಣವು ಸಹಮಾನವರ ಋಣವೆಂಬ ನಾಲ್ಕನೆಯದನ್ನೂ ಸೇರಿಸಿತು. ಇವುಗಳಲ್ಲಿ ಪಿತೃಋಣದ ಸ್ವರೂಪವು ವಿಶೇಷವಾದದ್ದು. ಕೊಟ್ಟವರಿಗೇ ಹಿಂದಿರುಗಿಸಬೇಕಾದದ್ದು ಲೋಕದ ಸಾಲ. ಪಿತೃಗಳಾದರೋ ತೀರಿಹೋಗಿದ್ದಾರೆ, ಅವರಿಂದ ಪಡೆದದ್ದನ್ನು ಮುಂದೆ ಬರುವವರಿಗೆ ಕೊಟ್ಟಲ್ಲದೆ ಋಣಪರಿಹಾರವಾಗದು. ಹಿಂದಿನಿಂದ ಬಂದ ಸಾಲವನ್ನು ಮುಂದಕ್ಕೆ ತೀರಿಸಬೇಕೆಂಬ ಈ ತತ್ತ್ವದಲ್ಲಿ ಪ್ರಕೃತಿಸಂರಕ್ಷಣೆಯ ಧರ್ಮವೆಲ್ಲವೂ ಅಡಗಿದೆಯೆಂದು ನನ್ನ ನಂಬಿಕೆ. ಪೂರ್ವಿಕರಿಂದ ಏನನ್ನೂ ಪಡೆಯದ ಮನುಷ್ಯನೊಬ್ಬನೂ ಇಲ್ಲವಾದ್ದರಿಂದ, ವೇದವನ್ನು ಒಪ್ಪದವನಿಗೂ ದೇವರನ್ನೇ ನಂಬದವನಿಗೂ ಈ ಮಾತು ಒಪ್ಪಿತವಾಗಲು ಅಡ್ಡಿಯಿಲ್ಲ.

ಈ ತತ್ತ್ವವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬಲ್ಲ ವಸ್ತುವು ನಮ್ಮ ನಾಡಿನ ಬಯಲುಸೀಮೆಯಲ್ಲಿ ಊರೂರಿಗೂ ಇದೆ. ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಎಣಿಸುತ್ತಾರೆ. ಪ್ರತಿಯೊಂದು ಕೆರೆಗೂ ನೀರನ್ನು ತಡೆಯುವ ಏರಿ, ಗದ್ದೆಗೆ ಬಿಡುವ ತೂಬು, ಹೆಚ್ಚಾದದ್ದನ್ನು ಹೊರಹರಿಸುವ ಕೋಡಿ, ನೀರುಣ್ಣುವ ಅಚ್ಚುಕಟ್ಟು ಇವೆ. ಮೇಲಿನ ಕೆರೆಯ ಕೋಡಿ ಹರಿದರೆ ಕಾಲುವೆಯ ಮೂಲಕ ಕೆಳಗಿನ ಕೆರೆ ತುಂಬುವುದು; ಮೇಲಿನವರು ತಮ್ಮ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿಗೆ ಅಷ್ಟು ನೀರು ತಪ್ಪುವುದು. ನ್ಯಾಯವೆಂದರೇನೆಂಬುದನ್ನು ಬಾಲಕನಿಗೆ ತಿಳಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ತೂಬೆತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವ ಹೊಣೆ ನೀರಗಂಟಿಯದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಹೂಳನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆದುಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕೆರೆಗೆ ಆಳವುಳಿಯುತ್ತಿತ್ತು.

ಕಡಪಾ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಹಾಕಿಸಿದ ಶಾಸನವು, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಸಾಧನಗಳನ್ನೂ ಇರಬಾರದ ಆರು ದೋಷಗಳನ್ನೂ ಪಟ್ಟಿಮಾಡಿ ಹೇಳುತ್ತದೆ. ಸತ್ಕರ್ಮಗಳನ್ನು ಎಣಿಸುವಾಗ ಪುತ್ರನೊಡನೆ ದೇವಾಲಯ, ಕಾವ್ಯ, ವನ, ತಟಾಕಗಳನ್ನೂ ಸೇರಿಸಿ ಸಪ್ತಸಂತಾನವೆಂದು ಕರೆದದ್ದು ನಮ್ಮ ಹಿರಿಯರ ದೊಡ್ಡ ಮನಸ್ಸು. ಕೆರೆಯನ್ನು ಕಟ್ಟಿದವನು ಅದನ್ನು ತನ್ನ ಸಂತಾನವೆಂದು ತಿಳಿದನು. ಅದರ ನೀರನ್ನುಂಡ ನಾವು ಅವನ ಸಂತತಿ. ಅದೇ ಶಾಸನವು ದಿನವೊಂದಕ್ಕೆ ಸಾವಿರ ಮಂದಿ ಆಳುಗಳೂ ನೂರು ಗಾಡಿಗಳೂ ದುಡಿದು ಎರಡು ವರ್ಷದಲ್ಲಿ ಕೆಲಸ ಮುಗಿಯಿತೆಂದು ಹೇಳುತ್ತದೆ. ಆ ಸಾವಿರ ಮಂದಿಯೂ ನಮಗೆ ಪಿತೃಗಳೇ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕಾಗಿದೆ. ಧರ್ಮಕಾರ್ಯವೆಂದು ಕಟ್ಟಿದ ಕೆರೆಯ ನೀರು ಎಲ್ಲರಿಗೂ ದೊರೆಯುತ್ತಿರಲಿಲ್ಲ. ಮಹಾಡಿನ ಚವದಾರ್ ಕೆರೆಯ ನೀರನ್ನು ಕುಡಿಯುವುದಕ್ಕಾಗಿ ಅಂಬೇಡ್ಕರರು 1927ರ ಮಾರ್ಚಿನಲ್ಲಿ ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು; ಆ ಹಕ್ಕು ಉಚ್ಚ ನ್ಯಾಯಾಲಯದಲ್ಲಿ ಸ್ಥಿರಪಟ್ಟದ್ದು 1937ರಲ್ಲಿ. ನಮ್ಮ ಜನಪದರ ‘ಕೆರೆಗೆ ಹಾರ’ದಲ್ಲಿ ನೀರು ಬಾರದ ಕೆರೆಗೆ ಬಲಿಯಾಗತಕ್ಕವಳೆಂದು ಊರ ಗೌಡನ ಮನೆಯವರು ಆರಿಸಿದ್ದು ಕಿರಿಯ ಸೊಸೆ ಭಾಗೀರಥಿಯನ್ನು. ಸರ್ವರ ಹಿತಕ್ಕೆಂದು ಕೇಳುವ ತ್ಯಾಗದ ಹೊರೆಯು ಅತ್ಯಂತ ನಿಸ್ಸಹಾಯಕರ ತಲೆಯ ಮೇಲೆ ಬೀಳುವುದು ಹೊಸದೇನಲ್ಲ. ಈ ಕಥೆಯನ್ನು ಓದಿಸುವ ಉಪಾಧ್ಯಾಯರು ಭಾಗೀರಥಿಯ ತ್ಯಾಗವನ್ನು ಕೊಂಡಾಡಿ ಮುಗಿಸದೆ, ಅವಳನ್ನೇ ಏಕೆ ಆರಿಸಿದರೆಂದು ಮಕ್ಕಳನ್ನು ಕೇಳಲಿ. ಋಣದ ಪಾಠದಲ್ಲಿ ಪಡೆದವರ ಲೆಕ್ಕದೊಡನೆ ಪಡೆಯದವರ ಲೆಕ್ಕವೂ ಇರಬೇಕು.

ಇಂದು ಆ ಲೆಕ್ಕವು ಮಕ್ಕಳ ದೇಹದ ಮೇಲೆಯೇ ಬರೆಯಲ್ಪಟ್ಟಿದೆ. ಕೊಳವೆಬಾವಿಗಳು ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲವಾದರು. ಹೂಳು ತುಂಬಿತು, ಕಾಲುವೆಗಳು ಒತ್ತುವರಿಯಾದುವು, ನೆಲಕ್ಕೆ ಇಂಗುವ ನೀರು ಕಡಿಮೆಯಾಗಿ ಬಾವಿಗಳು ಆಳ ಆಳಕ್ಕೆ ಇಳಿದುವು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಸೀಮೆಗಳಲ್ಲಿ ಬಹುಕಾಲ ಶಿಲೆಯ ಸಂಪರ್ಕದಲ್ಲಿದ್ದ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಅಂತಹ ನೀರನ್ನು ಹಲ್ಲುಗಳು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲುಗಳು ಕಂದುಗಟ್ಟುತ್ತವೆ. ದೀರ್ಘಕಾಲ ಕುಡಿದವರ ಮೂಳೆಗಳೂ ಕೆಡುತ್ತವೆ. ಅಂತಹ ಹಲ್ಲಿನ ಮಗುವಿನ ಮುಂದೆ ನಿಂತು, ನೀನು ನೀರನ್ನು ಉಳಿಸಬೇಕು ಎಂದು ಉಪದೇಶಿಸುವ ಅಧಿಕಾರ ನಮಗೆಲ್ಲಿಂದ ಬಂತು? ಸಾಲ ಮಾಡಿದವರು ನಾವು. ಆದ್ದರಿಂದ ಈ ಶಿಕ್ಷಣದ ಮೊದಲ ಪಾಠವು ಹಿರಿಯರಿಗೇ ಸಲ್ಲತಕ್ಕದ್ದು. ತಮ್ಮದಲ್ಲದ ಅಪರಾಧಕ್ಕೆ ಮಕ್ಕಳಿಂದ ಪ್ರಾಯಶ್ಚಿತ್ತ ಮಾಡಿಸುವುದು ಅಧರ್ಮವೆಂದು ನಾನು ನಿಸ್ಸಂಶಯವಾಗಿ ಹೇಳುತ್ತೇನೆ.

ಮಕ್ಕಳಿಗೆ ಮೊದಲು ದೊರೆಯಬೇಕಾದದ್ದು ಸಂತೋಷ. ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಬರೆದಾಗ, ಲೋಕವನ್ನು ಕಂಡು ಬೆರಗಾಗುವುದು ಮಗುವಿನ ಹಕ್ಕೆಂದು ಭಾವಿಸಿದಂತೆ ತೋರುತ್ತದೆ. ಪ್ರೀತಿಸಿ ಕಂಡದ್ದನ್ನು ಕಾಪಾಡೆಂದು ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ಆದುದರಿಂದ ಬಯಲುಸೀಮೆಯ ಶಾಲೆಗಳ ಉಪಾಧ್ಯಾಯರಲ್ಲಿ ನನ್ನದೊಂದು ಪ್ರಾರ್ಥನೆ. ಮುಂಗಾರು ಬರುವುದಕ್ಕೆ ಮುನ್ನ ಒಮ್ಮೆ, ಕೋಡಿ ಹರಿಯುವ ಕಾಲಕ್ಕೆ ಮತ್ತೊಮ್ಮೆ, ನಿಮ್ಮ ಮಕ್ಕಳನ್ನು ಊರ ಕೆರೆಯ ಏರಿಯ ಮೇಲೆ ನಡೆಸಿರಿ. ತೂಬು ಎಲ್ಲಿದೆ, ನೀರು ಯಾವ ಹಳ್ಳದಿಂದ ಬರುತ್ತದೆ, ಕಾಲುವೆಯನ್ನು ಯಾರು ಮುಚ್ಚಿದ್ದಾರೆ, ಈ ನೀರು ಹಿಂದೆ ಯಾರಿಗೆ ಸಿಗುತ್ತಿರಲಿಲ್ಲ ಎಂಬುದನ್ನು ಅವರೇ ಕೇಳಿ ತಿಳಿದು ಬರೆಯಲಿ. ಗ್ರಾಮಪಂಚಾಯತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಆ ಬರಹವನ್ನು ಅವರಿಂದಲೇ ಓದಿಸಿರಿ. ಸದಸ್ಯರು ಎದ್ದುಹೋಗದೆ ಕುಳಿತು ಕೇಳಲಿ, ಕೇಳಿದ ಪ್ರಶ್ನೆಗಳಿಗೆ ಅದೇ ಸಭೆಯಲ್ಲಿ ಉತ್ತರ ಕೊಡಲಿ.